ಚೆಕ್ ಎಂಜಿನ್ ಲೈಟ್ ಬಂತಾ? ಅಳಿಸುವ ಮೊದಲು ಕೋಡ್ ಬರೆದುಕೊಳ್ಳಿ

ಈ ವಿಷಯಕ್ಕೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಬಂತು, ಗ್ಯಾರೇಜಿಗೆ ಹೋದೆ, ಸ್ಕ್ಯಾನ್ ಮಾಡಿ ಆಫ್ ಮಾಡಿಕೊಟ್ಟರು, ನಾಲ್ಕು ದಿನಕ್ಕೆ ಮತ್ತೆ ಬಂತು. ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಆ ತೊಂದರೆಗೆ ಕೊಟ್ಟ ನಂಬರ್, ಏನಿತ್ತು ಅಂತ ಕೇಳಿದರೆ ಗೊತ್ತಿಲ್ಲ. ಗ್ಯಾರೇಜಿನವರನ್ನು ಕೇಳಿದರೆ ಅವರಿಗೂ ನೆನಪಿಲ್ಲ. ಕಾರು ಏನೋ ಹೇಳೋಕೆ ಬಂದಿತ್ತು, ಯಾರೂ ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸಿ ಕಳಿಸಿದರು, ಅಷ್ಟೇ.

ಜನ ಎಡವುವುದು ಕ್ರಮದಲ್ಲಿ. ಮೊದಲು ಅಳಿಸುತ್ತಾರೆ, ಆಮೇಲೆ ಪಾರ್ಟ್ ಬದಲಿಸುತ್ತಾರೆ, ಎಲ್ಲ ಮುಗಿದ ಮೇಲೆ ಹುಡುಕಲು ಶುರು ಮಾಡುತ್ತಾರೆ. ಆಗ ಹುಡುಕುವುದಕ್ಕೆ ಏನೂ ಉಳಿದಿರುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಸಾಲಿನಲ್ಲಿ ಮಾಡಿ. ಒಂದನ್ನು ಹಾರಿಸಿ ಇನ್ನೊಂದಕ್ಕೆ ಹೋಗಬೇಡಿ.

## ಬೇಕಾಗುವ ಸಾಮಾನು

ಒಂದು ಓಬಿಡಿ ಡಾಂಗಲ್, ಸ್ಮಾರ್ಟ್‌ಫೋನ್, ಒಳ್ಳೆ ಟಾರ್ಚ್, ಒಂದು ಸಾದಾ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಒಂದು ಸಣ್ಣ ನೋಟ್‌ಬುಕ್. ಇಷ್ಟು ಸಾಕು.

ಓಬಿಡಿ ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಇಟ್ಟುಕೊಳ್ಳುವ ವ್ಯವಸ್ಥೆ. ಡಾಂಗಲ್ ಅಂದರೆ ಆ ಕೋಡನ್ನು ಫೋನಿಗೆ ಕಳಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಗ್. ಆನ್‌ಲೈನಿನಲ್ಲಿ ಇಎಲ್‌ಎಂ 327 ಅಂತ ಹುಡುಕಿದರೆ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ. ಆಂಡ್ರಾಯ್ಡ್ ಫೋನಾದರೆ ಸಾದಾ ಬ್ಲೂಟೂತ್‌ನದು ಸಾಕು. ಐಫೋನ್ ಇದ್ದವರು ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಇರುವುದನ್ನೇ ತೆಗೆದುಕೊಳ್ಳಿ, ಸಾದಾ ಬ್ಲೂಟೂತ್‌ನದು ಅದಕ್ಕೆ ಜೋಡಿಯಾಗುವುದಿಲ್ಲ. ತೀರಾ ಅಗ್ಗದ ನಕಲಿಗಳು ಕೆಲವು ಕಾರುಗಳ ಜೊತೆ ಮಾತೇ ಆಡುವುದಿಲ್ಲ, ಆದ್ದರಿಂದ ವಾಪಸ್ ಮಾಡುವ ಅವಕಾಶ ಇರುವ ಕಡೆ ಕೊಳ್ಳಿ. ಫೋನಿನಲ್ಲಿ ಕಾರ್ ಸ್ಕ್ಯಾನರ್ ಆ್ಯಪ್ ಹಾಕಿಕೊಳ್ಳಿ, ಆಂಡ್ರಾಯ್ಡ್ ಆದರೆ ಟಾರ್ಕ್ ಕೂಡ ಆಗುತ್ತದೆ.

ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್ 4 (ಹೊಗೆ ಮಾಲಿನ್ಯದ ನಿಯಮ) ಕಾರುಗಳಿಗೆ ಓಬಿಡಿ 2 ಕಡ್ಡಾಯವಾಯಿತು. ಅದರ ನಂತರದ ಕಾರಾದರೆ ಇಲ್ಲಿ ಬರೆದದ್ದೆಲ್ಲ ಅನ್ವಯಿಸುತ್ತದೆ. ಅದಕ್ಕಿಂತ ಹಳೆಯದಾದರೆ ಪೋರ್ಟ್ ಇದ್ದರೂ ಡಾಂಗಲ್ ಕೆಲಸ ಮಾಡದೇ ಇರಬಹುದು. ಆಗ ಆ ಕಂಪನಿಯ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು.

## 1. ಮೊದಲು ನಿಲ್ಲಿಸಬೇಕಾ, ಓಡಿಸಬಹುದಾ ಅಂತ ತೀರ್ಮಾನಿಸಿ

ಲೈಟ್ ಬಂದ ತಕ್ಷಣ ನೋಡಬೇಕಾದ್ದು ಎರಡು: ಅದು ಸುಮ್ಮನೆ ಉರಿಯುತ್ತಿದೆಯಾ, ಮಿಣುಕುತ್ತಿದೆಯಾ? ಪಕ್ಕದಲ್ಲಿ ಬೇರೆ ಕೆಂಪು ಲೈಟ್ ಇದೆಯಾ?

ಹಳದಿ ಲೈಟ್ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ಜೋರಾಗಿ ರೇಸ್ ಕೊಡದೆ ಮನೆ ತನಕ ಹೋಗಬಹುದು. ಆದರೆ ಅದನ್ನೇ ನಂಬಿಕೊಂಡು ಎರಡು ತಿಂಗಳು ಓಡಿಸಬೇಡಿ.

ಹಳದಿ ಲೈಟ್ ಮಿಣುಕುತ್ತಿದ್ದರೆ ವಿಷಯ ಬೇರೆ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಅರ್ಥ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ, ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಹತ್ತಿಕೊಳ್ಳುತ್ತದೆ, ಒಳಗಿನ ಜೇನುಗೂಡಿನಂಥ ಭಾಗ ಕೆಂಪಗೆ ಕಾದು ಕರಗುತ್ತದೆ. ಕೆಲವು ನೂರು ರೂಪಾಯಿಯ ಸ್ಪಾರ್ಕ್ ಪ್ಲಗ್ಗಿನಿಂದ ಶುರುವಾದದ್ದು ಹತ್ತಾರು ಸಾವಿರಕ್ಕೆ ಹೋಗುವುದು ಹೀಗೆ. ಎಕ್ಸಲರೇಟರ್ ಬಿಡಿ, ನಿಧಾನಕ್ಕೆ ಪಕ್ಕಕ್ಕೆ ಹೋಗಿ, ಎಂಜಿನ್ ಆಫ್ ಮಾಡಿ. ಅಲ್ಲಿಂದ ಮುಂದೆ ಟೋಯಿಂಗ್.

ಕೆಂಪು ಲೈಟುಗಳಿಗೆ ಚರ್ಚೆಯೇ ಇಲ್ಲ. ಎಣ್ಣೆ ಡಬ್ಬಿಯ ಚಿತ್ರ ಕೆಂಪಗೆ ಬಂದರೆ ಆಯಿಲ್ ಪ್ರೆಶರ್ ಇಲ್ಲ, ಅದೇ ಕ್ಷಣ ಆಫ್ ಮಾಡಬೇಕು. ಟೆಂಪರೇಚರ್ ಕೆಂಪಿಗೆ ಹೋದರೂ ಅಷ್ಟೇ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ಲೈಟ್ ಮಿಣುಕದಿದ್ದರೂ ಈ ಲಕ್ಷಣ ಕಂಡರೆ ನಿಲ್ಲಿಸಿ: ಕೊಳೆತ ಮೊಟ್ಟೆಯ ವಾಸನೆ, ಹಸಿ ಪೆಟ್ರೋಲ್ ವಾಸನೆ, ಬಾನೆಟ್ ಕಡೆಯಿಂದ ಹೊಗೆ, ನಿಂತಲ್ಲೇ ಗಾಡಿ ಗಡಗಡ ಅಲ್ಲಾಡುವುದು.

ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಲೈಟ್ ಬಂದರೆ ತಿರುವಿನಲ್ಲೇ ನಿಲ್ಲಿಸುವುದು ಲೈಟಿಗಿಂತ ದೊಡ್ಡ ಅಪಾಯ. ಹಿಂದೆ ಲೋಡ್ ಲಾರಿ ಬರುತ್ತಿರುತ್ತದೆ. ಚಿಕ್ಕ ಗೇರಿನಲ್ಲಿ ನಿಧಾನವಾಗಿ ಮುಂದಿನ ಅಗಲವಾದ ಜಾಗದ ತನಕ ಹೋಗಿ, ಹಜಾರ್ಡ್ ಲೈಟ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟು, ತ್ರಿಕೋನದ ಬೋರ್ಡ್ ಹಿಂದೆ ದೂರದಲ್ಲಿಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ, ಹತ್ತುವ ಮೊದಲೇ ನಂಬರ್ ಸೇವ್ ಮಾಡಿಕೊಂಡಿರಿ.

## 2. ಲೈಟ್ ಬಂದಾಗ ಏನು ನಡೆಯುತ್ತಿತ್ತು ಅಂತ ಬರೆಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಬೆಳಿಗ್ಗೆ ತಣ್ಣಗಿನ ಸ್ಟಾರ್ಟಾ, ಬಿಸಿಯಾದ ಮೇಲಾ? ಪೆಟ್ರೋಲ್ ಹಾಕಿಸಿ ಎಷ್ಟು ಹೊತ್ತಾಗಿತ್ತು? ಹಿಂದಿನ ದಿನ ಮಳೆ ಇತ್ತಾ, ನೀರು ನಿಂತ ರಸ್ತೆಯಲ್ಲಿ ಹೋದಿರಾ? ಗಾಡಿ ವಾರಗಟ್ಟಲೆ ನಿಂತಿತ್ತಾ? ಇತ್ತೀಚೆಗೆ ಸರ್ವಿಸ್, ವಾಟರ್ ವಾಶ್, ಸಿಎನ್‌ಜಿ ಕಿಟ್, ಹೊಸ ಹಾರ್ನ್, ಮ್ಯೂಸಿಕ್ ಸಿಸ್ಟಂ ಏನಾದರೂ ಹಾಕಿಸಿದಿರಾ? ಪಿಕಪ್ ಕಡಿಮೆಯಾಗಿದೆಯಾ?

ಆಯುಧಪೂಜೆಯ ಮಾರನೇ ದಿನವೇ ಈ ಲೈಟ್ ಬಂದ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಬ್ಬಕ್ಕೆ ಅಂತ ಬಾನೆಟ್ ಎತ್ತಿ ಒಳಗೂ ಪ್ರೆಶರ್ ಪೈಪಿನಲ್ಲಿ ನೀರು ಹೊಡೆಸಿರುತ್ತಾರೆ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೂರುವ ಗುಂಡಿಯಲ್ಲಿ ನೀರು ನಿಂತು ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತದೆ. ಗಾಳಿ ಹೊಡೆದು ಒಣಗಿಸಿದರೆ ಸಾಕು, ಪಾರ್ಟ್ ಬೇಡ. ನೀರು ಹೊಡೆಸಿದ್ದು ನೀವು ಹೇಳದಿದ್ದರೆ ಮೆಕ್ಯಾನಿಕ್‌ಗೆ ಗೊತ್ತಾಗುವುದಾದರೂ ಹೇಗೆ?

ನೀರು ತುಂಬಿದ ಅಂಡರ್‌ಪಾಸಿನಲ್ಲಿ ಗಾಡಿ ಆಫ್ ಆಗಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಂದ ನೇರ ಟೋಯಿಂಗ್.

## 3. ಕೋಡ್ ಓದಿ, ಫೋಟೋ ತೆಗೆಯಿರಿ, ಅಳಿಸಬೇಡಿ

ಓಬಿಡಿ ಪೋರ್ಟ್ 16 ಪಿನ್ನಿನದು, ಡ್ರೈವರ್ ಕಡೆ ಡ್ಯಾಶ್‌ಬೋರ್ಡಿನ ಕೆಳಗೆ, ಸಾಮಾನ್ಯವಾಗಿ ಸ್ಟಿಯರಿಂಗ್ ಅಡಿಯಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಫ್ಯೂಸ್ ಬಾಕ್ಸಿನ ಮುಚ್ಚಳದ ಹಿಂದೆ. ಬಗ್ಗಿ ಟಾರ್ಚ್ ಬಿಟ್ಟು ನೋಡಿ.

ಗಾಡಿ ಆಫ್ ಇರುವಾಗ ಡಾಂಗಲ್ ಚುಚ್ಚಿ. ಆಮೇಲೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಟನ್ ಸ್ಟಾರ್ಟ್ ಕಾರಾದರೆ ಬ್ರೇಕ್ ಅಥವಾ ಕ್ಲಚ್ ಒತ್ತದೆ ಬಟನ್ ಎರಡು ಸಲ ಒತ್ತಿದರೆ ಇಗ್ನಿಷನ್ ಆನ್ ಆಗುತ್ತದೆ. ಬ್ಲೂಟೂತ್ ಪಿನ್ ಕೇಳಿದರೆ 1234 ಇಲ್ಲವೇ 0000. ಆ್ಯಪ್ ತೆರೆದು ಫಾಲ್ಟ್ ಕೋಡ್ ಓದಲು ಕೊಡಿ.

ಇಲ್ಲೊಂದು ಸಣ್ಣ ಪರೀಕ್ಷೆ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಬರಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಹೋಗಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕೀ ಆನ್ ಮಾಡಿದರೂ ಆ ಚಿತ್ರವೇ ಬರದಿದ್ದರೆ ಜಾಗ್ರತೆ. ಯಾರೋ ಅದನ್ನು ಬೇಕೆಂದೇ ಮುಚ್ಚಿರಬಹುದು.

ಪರದೆಯಲ್ಲಿ ಮೂರು ಥರದ್ದು ಕಾಣುತ್ತದೆ, ಮೂರನ್ನೂ ಸ್ಕ್ರೀನ್‌ಶಾಟ್ ತೆಗೆಯಿರಿ. ಸ್ಟೋರ್ಡ್ ಕೋಡ್ ಅಂದರೆ ಖಚಿತವಾದ ತೊಂದರೆ. ಪೆಂಡಿಂಗ್ ಕೋಡ್ ಅಂದರೆ ಒಂದು ಸಲ ಕಂಡಿದೆ, ಇನ್ನೂ ಖಚಿತವಿಲ್ಲ. ಬಹಳಷ್ಟು ತೊಂದರೆಗಳಿಗೆ ಎರಡು ಓಡಾಟದಲ್ಲಿ ಕಂಡ ಮೇಲೆಯೇ ಲೈಟ್ ಬರುತ್ತದೆ. ಮೂರನೆಯದು ಫ್ರೀಜ್ ಫ್ರೇಮ್. ತೊಂದರೆ ಆದ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿ ಇತ್ತು ಎಂಬುದರ ಒಂದು ಫೋಟೋ ಅದು. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಬೆಲೆ ಇರುವುದು ಇದಕ್ಕೇ, ಅಲ್ವಾ?

ಬ್ಯಾಟರಿ ವೈರ್ ಬಿಚ್ಚಿ ಲೈಟ್ ಆಫ್ ಮಾಡುವ ಅಭ್ಯಾಸವೂ ಬಿಡಿ. ಆಗಲೂ ಬಹಳಷ್ಟು ಗಾಡಿಗಳಲ್ಲಿ ಕೋಡ್, ಫ್ರೀಜ್ ಫ್ರೇಮ್ ಎರಡೂ ಹೋಗುತ್ತವೆ, ಎಂಜಿನ್ ಕಲಿತಿದ್ದ ಐಡ್ಲಿಂಗ್ ಲೆಕ್ಕವೂ ಅಳಿಸಿ ಗಾಡಿ ಎರಡು ದಿನ ಏರುಪೇರಾಗಿ ಓಡುತ್ತದೆ.

## 4. ಕೋಡ್ ಹೇಳುವುದು ಲಕ್ಷಣ, ಪಾರ್ಟಿನ ಹೆಸರಲ್ಲ

ಪಿ ಅಂತ ಶುರುವಾದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯದು. ಅದರ ಮುಂದೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಕೋಡ್. ಕಂಪನಿಯ ಕೋಡಿಗೆ ಸಾದಾ ಆ್ಯಪ್ ತಪ್ಪು ಅರ್ಥ ತೋರಿಸಬಹುದು, ನಿಮ್ಮ ಗಾಡಿಯ ಹೆಸರು ಸೇರಿಸಿ ಹುಡುಕಿ.

ಎರಡು ವರ್ಷದ ಹಿಂದೆ ಜುಲೈ ಮಳೆಯಲ್ಲಿ ನನ್ನ ಪೆಟ್ರೋಲ್ ಕಾರಿನಲ್ಲಿ ಪಿ0135 ಬಂತು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಮೊದಲ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಸರಿ ಇಲ್ಲ ಅಂತ ಅದರ ಅರ್ಥ. ಗ್ಯಾರೇಜಿನಲ್ಲಿ ಸೆನ್ಸರ್ ಹೋಗಿದೆ ಅಂದರು, ಹೊಸದು ಹಾಕಿದರು, ದುಡ್ಡು ಕೊಟ್ಟು ಬಂದೆ. ಮೂರನೇ ದಿನ ಅದೇ ಕೋಡ್. ಸಂಜೆ ಬಾನೆಟ್ ಎತ್ತಿ ಆ ಸೆನ್ಸರಿನ ವೈರ್ ಹಿಡಿದುಕೊಂಡೇ ಟಾರ್ಚ್ ಬಿಡುತ್ತಾ ಹೋದೆ. ಎಂಜಿನ್ ಹಿಂಬದಿಯ ಮೂಲೆಯಲ್ಲಿ ಕಡಲೆಕಾಯಿ ಸಿಪ್ಪೆ, ನಾಲ್ಕಾರು ಕಪ್ಪು ಹಿಕ್ಕೆ, ಹರಿದ ಸ್ಪಂಜಿನ ಚೂರು. ಅದರ ಪಕ್ಕದಲ್ಲೇ ವೈರಿನ ಮೇಲೆ ಉಗುರಿನಷ್ಟು ಉದ್ದ ಪ್ಲಾಸ್ಟಿಕ್ ಇರಲಿಲ್ಲ, ತಾಮ್ರ ಹೊಳೆಯುತ್ತಿತ್ತು, ಎಳೆಗಳಲ್ಲಿ ಎರಡೋ ಮೂರೋ ಮಾತ್ರ ಉಳಿದಿದ್ದವು. ಇಲಿ. ಕೋಡ್ ಸುಳ್ಳು ಹೇಳಿರಲಿಲ್ಲ. ಸರ್ಕ್ಯೂಟ್ ಅಂದಿತ್ತು, ನಾವು ಸೆನ್ಸರ್ ಅಂತ ಓದಿದೆವು. ಹಳೆ ಸೆನ್ಸರ್ ಈಗಲೂ ನನ್ನ ಹತ್ತಿರ ಇದೆ, ಅದರ ಹೀಟರ್ ಸರಿಯಾಗಿದೆ.

ಅದಕ್ಕೇ ಹೇಳುವುದು, ಕೋಡಿನ ವಿವರದಲ್ಲಿ ಸರ್ಕ್ಯೂಟ್, ಹೈ, ಲೋ ಎಂಬ ಪದ ಇದ್ದರೆ ಮೊದಲು ವೈರ್, ಕನೆಕ್ಟರ್, ಫ್ಯೂಸ್ ನೋಡಿ. ಪಾರ್ಟ್ ಕೊನೆಗೆ.

ನಮ್ಮ ಕಡೆ ಜಾಸ್ತಿ ಕಾಣುವ ಕೆಲವು ಕೋಡುಗಳು ಹೀಗಿವೆ. ಪಿ0300 ಅಂದರೆ ಯಾವ ಸಿಲಿಂಡರ್ ಅಂತ ಹೇಳಲಾಗದ ಮಿಸ್ಸಿಂಗ್. ಪಿ0301ರಿಂದ ಪಿ0304 ಅಂದರೆ ಕೊನೆಯ ಅಂಕಿಯ ಸಿಲಿಂಡರಿನದು. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ0172 ಅದರ ಉಲ್ಟಾ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಇವೆರಡು ಟ್ಯೂನಿಂಗ್ ತಪ್ಪಿದರೆ ಬರುತ್ತವೆ. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಸಾಲದು. ಪಿ0128 ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಹೆಚ್ಚಾಗಿ ಕಾರಣ ತೆರೆದೇ ಉಳಿದ ಥರ್ಮೋಸ್ಟಾಟ್ (ಕೂಲಂಟ್ ಹರಿವನ್ನು ಬಿಡುವ, ತಡೆಯುವ ಕವಾಟ). ಪಿ0335 ಬಂದರೆ ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಕಡೆಯದು, ಇದನ್ನು ಮುಂದೂಡಬೇಡಿ, ಓಡುತ್ತಿದ್ದ ಗಾಡಿ ಹಾಗೇ ಆಫ್ ಆಗಬಹುದು.

ಪಿ0420 ಬಂತು ಅಂತ ನೇರ ಕನ್ವರ್ಟರ್ ಬದಲಿಸಬೇಡಿ. ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಸೋರಿದರೂ ಇದು ಬರುತ್ತದೆ. ಜೊತೆಗೆ ಮಿಸ್ಸಿಂಗ್ ಕೋಡ್ ಇದ್ದರೆ ಮೊದಲು ಅದನ್ನು ಸರಿಮಾಡಿ, ಇಲ್ಲದಿದ್ದರೆ ಹೊಸ ಕನ್ವರ್ಟರ್ ಕೂಡ ಸುಟ್ಟುಹೋಗುತ್ತದೆ.

ಇನ್ನೊಂದು ಮಾತು. ಅಮೆರಿಕದ ವಿಡಿಯೋಗಳಲ್ಲಿ ಮೊದಲ ಸಲಹೆಯೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಅನ್ನುವುದು. ಅಲ್ಲಿನ ಕಾರುಗಳು ಟ್ಯಾಂಕಿನ ಆವಿ ಸೋರುತ್ತಿದೆಯಾ ಅಂತ ತಾವೇ ಪರೀಕ್ಷೆ ಮಾಡಿಕೊಳ್ಳುತ್ತವೆ, ಮುಚ್ಚಳ ಸಡಿಲ ಇದ್ದರೆ ಪಿ0455 ಬರುತ್ತದೆ. ನಮ್ಮಲ್ಲಿ ಮಾರುವ ಬಹಳಷ್ಟು ಕಾರುಗಳಲ್ಲಿ ಆ ಪರೀಕ್ಷೆ ಇಲ್ಲ. ಮುಚ್ಚಳ ಬಿಗಿ ಮಾಡಿ ತಪ್ಪೇನಿಲ್ಲ, ಆದರೆ ಅದರಿಂದ ಲೈಟ್ ಹೋಗುತ್ತದೆ ಅಂತ ಕಾಯುತ್ತಾ ಕೂರಬೇಡಿ.

## 5. ದುಡ್ಡು ಖರ್ಚಾಗದ ತಪಾಸಣೆಗಳನ್ನು ಮೊದಲು ಮುಗಿಸಿ

ಎಂಜಿನ್ ತಣ್ಣಗಿರಲಿ, ಗಾಡಿ ಸಮತಟ್ಟಾಗಿ ನಿಂತಿರಲಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಇಟ್ಟರೆ 12.4ರಿಂದ 12.7 ವೋಲ್ಟ್ ಬರಬೇಕು. ಸ್ಟಾರ್ಟ್ ಮಾಡಿದ ಮೇಲೆ ಸುಮಾರು 13.5ರಿಂದ 14.5. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ಕೋಡುಗಳು ಒಟ್ಟಿಗೆ ಬಂದಿದ್ದರೆ ನಾನು ಮೊದಲು ನೋಡುವುದು ಬ್ಯಾಟರಿ ಮತ್ತು ಅದರ ಟರ್ಮಿನಲ್. ಬಿಳಿ ಹಸಿರು ಪುಡಿ ಕಟ್ಟಿದ್ದರೆ ಕೈಗವಸು ಹಾಕಿಕೊಂಡು ಸ್ವಚ್ಛ ಮಾಡಿ, 10 ಎಂಎಂ ಸ್ಪ್ಯಾನರಿನಲ್ಲಿ ಬಿಗಿ ಮಾಡಿ. ಬಿಚ್ಚುವುದಾದರೆ ಕೋಡ್ ಬರೆದುಕೊಂಡ ಮೇಲೆಯೇ.

ಆಯಿಲ್ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗುರುತಿನ ಮಧ್ಯೆ ಇರಬೇಕು. ಕೂಲಂಟ್ ಡಬ್ಬಿಯ ಮಟ್ಟ ನೋಡಿ. ಏರ್ ಫಿಲ್ಟರ್ ಬಾಕ್ಸಿನ ಕ್ಲಿಪ್ ಎಲ್ಲ ಕೂತಿದೆಯಾ ನೋಡಿ, ಸರ್ವಿಸ್ ಆದ ಮೇಲೆ ಒಂದು ಕ್ಲಿಪ್ ಬಿಟ್ಟುಹೋಗಿ ಪಿ0171 ಬರುವುದು ಹೊಸದಲ್ಲ.

ಆಮೇಲೆ ಇಲಿ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಅವು ಎಂಜಿನ್ ಮೇಲೆ ಬಂದು ಕೂರುತ್ತವೆ. ತೋಟದ ಮನೆ, ಅಡಿಕೆ ಅಂಗಳ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಯಾವುದೂ ಹೊರತಲ್ಲ. ಟಾರ್ಚ್ ಹಿಡಿದು ಪ್ರತಿ ವೈರನ್ನೂ ಬೆರಳಲ್ಲಿ ಸವರಿ, ಕಣ್ಣಿಗೆ ಕಾಣದ ಅಡಿಭಾಗದಲ್ಲೇ ಕಡಿದಿರುತ್ತವೆ. ಕೈಗವಸು ಹಾಕಿಕೊಳ್ಳಿ, ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ. ಕಡಿದ ವೈರಿಗೆ ಬರೀ ಟೇಪ್ ಸುತ್ತಿದರೆ ಬಿಸಿಗೆ ಅಂಟು ಬಿಡುತ್ತದೆ. ಸರಿಯಾದ ಜೋಡಣೆ ಮಾಡಿ ಹೀಟ್ ಶ್ರಿಂಕ್ (ಬಿಸಿ ಕೊಟ್ಟರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಆಕ್ಸಿಜನ್ ಸೆನ್ಸರಿನದೇ ವೈರಾದರೆ ಬೆಸುಗೆ ಬೇಡ, ಕ್ರಿಂಪ್ ಮಾಡಿಸಿ, ಅಂದರೆ ಲೋಹದ ತುಂಡಿನಲ್ಲಿಟ್ಟು ಒತ್ತಿ ಜೋಡಿಸಿ. ಬಹಳಷ್ಟು ಸೆನ್ಸರುಗಳು ಆ ವೈರಿನ ಒಳಗಿಂದಲೇ ಹೊರಗಿನ ಗಾಳಿ ತೆಗೆದುಕೊಳ್ಳುತ್ತವೆ, ಬೆಸುಗೆ ಆ ದಾರಿ ಮುಚ್ಚುತ್ತದೆ.

ಗಾಡಿ ವಾರಂಟಿಯಲ್ಲಿದ್ದರೆ ನೋಡಿ, ಫೋಟೋ ತೆಗೆಯಿರಿ, ಅಷ್ಟಕ್ಕೇ ನಿಲ್ಲಿಸಿ. ನೀವು ವೈರ್ ಕತ್ತರಿಸಿದರೆ ಆಮೇಲೆ ವಾದ ಮಾಡುವುದು ಕಷ್ಟ.

## 6. ಎಂಜಿನ್ ಓಡುವಾಗಿನ ಅಂಕಿ ನೋಡಿ

ಆ್ಯಪ್‌ನಲ್ಲಿ ಲೈವ್ ಡೇಟಾ ಅಂತ ಇರುತ್ತದೆ. ಎಲ್ಲ ನೋಡಲು ಹೋದರೆ ತಲೆ ಕೆಡುತ್ತದೆ. ಎರಡು ಸಾಕು. ಗಾಡಿ ನಿಂತಿರುವಾಗ ಮಾತ್ರ ನೋಡಿ, ಓಡಿಸುವಾಗ ನೋಡಬೇಕಾದರೆ ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಡಿ.

ಕೂಲಂಟ್ ಟೆಂಪರೇಚರ್ ನಿಧಾನವಾಗಿ ಏರಿ ಸುಮಾರು 85ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಹೈವೇಯಲ್ಲಿ ಅರ್ಧ ಗಂಟೆ ಓಡಿದರೂ 60-65 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಇದೆ. ಮೈನಸ್ 40 ಅಂತ ತೋರಿಸಿದರೆ ಸೆನ್ಸರಿನ ವೈರ್ ಕಿತ್ತಿದೆ ಅಥವಾ ಕನೆಕ್ಟರ್ ಕಳಚಿದೆ. ಹಾಸನದ ಚಳಿಯಲ್ಲೂ ಮೈನಸ್ 40 ಆಗುವುದಿಲ್ಲವಲ್ಲ.

ಪೆಟ್ರೋಲ್ ಕಾರಾದರೆ ಎರಡನೆಯದು ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿ ಬಂದಿದೆ ಅನ್ನುವ ಶೇಕಡಾ ಅಂಕಿ ಅದು. ಸೊನ್ನೆಯಿಂದ ಆಚೀಚೆ 10ರೊಳಗೆ ಇದ್ದರೆ ಆಯಿತು. ಪ್ಲಸ್ 20ರ ಹತ್ತಿರ ಹೋಗಿದೆ ಅಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಎರಡರಲ್ಲಿ ಯಾವುದು? ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ (ಆ ಕ್ಷಣದ ಟ್ರಿಮ್), ಲಾಂಗ್ ಟರ್ಮ್ ಎರಡನ್ನೂ ಕೂಡಿ ಬರೆದುಕೊಳ್ಳಿ, ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆಯಿರಿ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ರೇಸ್ ಕೊಟ್ಟಾಗ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆ. ರೇಸ್ ಕೊಟ್ಟಾಗ, ಎಳೆತ ಬಿದ್ದಾಗ ಏರಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಕಡೆ ನೋಡಬೇಕು. ಈ ಎರಡು ಅಂಕಿ ಬರೆದು ತೋರಿಸಿದರೆ ಒಳ್ಳೆ ಮೆಕ್ಯಾನಿಕ್ ನೇರವಾಗಿ ಆ ಜಾಗಕ್ಕೇ ಕೈ ಹಾಕುತ್ತಾರೆ.

## 7. ಮಿಸ್ಸಿಂಗ್ ಕೋಡಾದರೆ ಅದಲು ಬದಲು ಪರೀಕ್ಷೆ

ಪಿ0301 ಬಂದಿದೆ ಅಂದುಕೊಳ್ಳಿ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ ಆದರೆ ಇದನ್ನು ಮನೆಯಲ್ಲೇ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಾಗಲಿ, ಕೀ ಆಫ್ ಇರಲಿ. ಒಂದನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡಕ್ಕೆ ಹಾಕಿ, ಎರಡರದ್ದು ಒಂದಕ್ಕೆ. ಕನೆಕ್ಟರಿನ ಲಾಕ್ ಒತ್ತಿ ಎಳೆಯಬೇಕು, ವೈರ್ ಹಿಡಿದು ಎಳೆದರೆ ಕಿತ್ತು ಬರುತ್ತದೆ. ಆಮೇಲೆ ಕೋಡ್ ಅಳಿಸಿ, ಸ್ವಲ್ಪ ದೂರ ನಿಧಾನವಾಗಿ ಓಡಿಸಿ. ಲೈಟ್ ಮಿಣುಕಿದರೆ ಕೂಡಲೇ ನಿಲ್ಲಿಸಿ.

ಈಗ ಪಿ0302 ಬಂದರೆ ತೊಂದರೆ ಕಾಯಿಲ್ ಜೊತೆ ಹೋಗಿದೆ, ಕಾಯಿಲ್ ಬದಲಿಸಿ. ಮತ್ತೆ ಪಿ0301 ಬಂದರೆ ಕಾಯಿಲ್ ತಪ್ಪಿಲ್ಲ. ಮುಂದೆ ಸ್ಪಾರ್ಕ್ ಪ್ಲಗ್ಗಿಗೆ ಇದೇ ಪರೀಕ್ಷೆ. ಅಲ್ಲೂ ಸಿಗದಿದ್ದರೆ ಇಂಜೆಕ್ಟರ್, ಕಂಪ್ರೆಷನ್. ಅದು ಗ್ಯಾರೇಜಿನ ಕೆಲಸ.

ಒಂದೇ ಸಲ ಕಾಯಿಲ್, ಪ್ಲಗ್ ಎರಡನ್ನೂ ಅದಲು ಬದಲು ಮಾಡಬೇಡಿ. ಯಾವುದರ ಜೊತೆ ತೊಂದರೆ ಹೋಯಿತು ಅಂತ ತಿಳಿಯುವುದಿಲ್ಲ. ಪ್ಲಗ್ ಹಾಕುವಾಗ ಕೈಯಲ್ಲೇ ತಿರುಗಿಸಿ ಶುರು ಮಾಡಿ. ಮೊದಲ ಎರಡು ಸುತ್ತಿಗೇ ಬಿಗಿ ಬಂದರೆ ಥ್ರೆಡ್ ತಪ್ಪಿದೆ, ತೆಗೆದು ಮತ್ತೆ ಹಾಕಿ. ಬಲವಂತ ಮಾಡಿದರೆ ಅಲ್ಯೂಮಿನಿಯಂ ಹೆಡ್ ಹಾಳಾಗುತ್ತದೆ.

## 8. ಬಿಎಸ್ 6 ಡೀಸೆಲ್ ಇದ್ದವರಿಗೆ

2020ರ ಏಪ್ರಿಲ್ ನಂತರದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಡುತ್ತದೆ, ಆದರೆ ಅದಕ್ಕೆ ಬಿಸಿ ಬೇಕು, ನಿಲ್ಲದ ಓಟ ಬೇಕು. ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಾಲ್ಕೈದು ಕಿ.ಮೀ. ಹೋಗಿ ಬರುವ ಡೀಸೆಲ್ ಕಾರಿಗೆ ಅದು ಸಿಗುವುದೇ ಇಲ್ಲ. ಸುಡಲು ಶುರು ಮಾಡುತ್ತದೆ, ಅಷ್ಟರಲ್ಲಿ ಆಫೀಸ್ ಬರುತ್ತದೆ, ಆಫ್ ಮಾಡುತ್ತೀರಿ.

ಮೊದಲು ಡಿಪಿಎಫ್‌ನದೇ ಬೇರೆ ಲೈಟ್ ಬರುತ್ತದೆ. ಆಗಲೇ ಹೈವೇಗೆ ಹೋಗಿ 60-80 ಕಿ.ಮೀ. ವೇಗದಲ್ಲಿ, ಒಂದು ಗೇರ್ ಕಡಿಮೆ ಇಟ್ಟು 2000 ಆರ್‌ಪಿಎಂ ಮೇಲೆ, 20 ನಿಮಿಷ ನಿಲ್ಲಿಸದೆ ಓಡಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಕಾರಿನ ಮ್ಯಾನುಯಲ್‌ನಲ್ಲಿ ಬೇರೆ ವೇಗ ಹೇಳಿದ್ದರೆ ಅದೇ ಸರಿ. ಫ್ಯಾನ್ ಜೋರಾಗಿ ತಿರುಗುವುದು, ಐಡ್ಲಿಂಗ್ ಏರುವುದು, ಸುಟ್ಟ ವಾಸನೆ ಬರುವುದು ಸುಡುವ ಕೆಲಸ ನಡೆಯುತ್ತಿದೆ ಅನ್ನುವ ಸೂಚನೆ, ಆಗ ಆಫ್ ಮಾಡಬೇಡಿ. ಮುಗಿದ ಮೇಲೆ ಒಣಹುಲ್ಲು, ತರಗೆಲೆಯ ಮೇಲೆ ನಿಲ್ಲಿಸಬೇಡಿ, ಕೆಳಗಿನ ಪೈಪ್ ಬೆಂಕಿ ಹಚ್ಚುವಷ್ಟು ಬಿಸಿ ಇರುತ್ತದೆ.

ಚೆಕ್ ಎಂಜಿನ್ ಲೈಟೂ ಬಂದು, ಡಿಪಿಎಫ್‌ನಲ್ಲಿ ಮಸಿ ಮಿತಿ ಮೀರಿದೆ ಅನ್ನುವ ಪಿ2463 ತೋರಿಸಿ, ಗಾಡಿ 2500-3000 ಆರ್‌ಪಿಎಂ ಮೇಲೆ ಏಳುತ್ತಲೇ ಇಲ್ಲ ಅಂದರೆ ಸಮಯ ಮೀರಿದೆ. ಈಗ ಹೈವೇ ಓಟ ಬೇಡ, ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಾಕಿಯೇ ಸುಡಬೇಕು. ಜೊತೆಗೆ ಆಯಿಲ್ ಡಿಪ್‌ಸ್ಟಿಕ್ ನೋಡಿ. ಅರ್ಧಕ್ಕೇ ನಿಂತ ಪ್ರತಿ ಸಲವೂ ಸ್ವಲ್ಪ ಡೀಸೆಲ್ ಇಳಿದು ಆಯಿಲ್ ಜೊತೆ ಸೇರುತ್ತದೆ. ಮಟ್ಟ ಮೇಲಿನ ಗುರುತು ದಾಟಿದ್ದರೆ ಆಯಿಲ್ ಬದಲಿಸದೆ ಓಡಿಸಬೇಡಿ. ಆಯಿಲ್ ಕಡಿಮೆಯಾದರೆ ಎಲ್ಲರೂ ಹೆದರುತ್ತಾರೆ, ಜಾಸ್ತಿಯಾದರೆ ಯಾರೂ ಹೆದರುವುದಿಲ್ಲ.

## 9. ಗ್ಯಾರೇಜಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು

"ಲೈಟ್ ಬಂದಿದೆ, ಆಫ್ ಮಾಡಿಕೊಡಿ" ಅನ್ನಬೇಡಿ. ನೀವು ಕೇಳಿದ್ದನ್ನೇ ಅವರು ಮಾಡುತ್ತಾರೆ. ಕೋಡ್ ಫೋಟೋ, ಫ್ರೀಜ್ ಫ್ರೇಮ್, ಯಾವಾಗ ಬಂತು ಅಂತ ಬರೆದದ್ದು, ಎಲ್ಲ ಮೊಬೈಲಿನಲ್ಲಿ ಕಳಿಸಿ, ಜಾಬ್ ಕಾರ್ಡಿನಲ್ಲೂ ಬರೆಸಿ.

ಪಾರ್ಟ್ ಬದಲಿಸಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ: ಪಾರ್ಟ್ ಹೋಗಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯಿತು? ವೋಲ್ಟೇಜ್ ಅಳೆದೆ, ಬೇರೆ ಪಾರ್ಟ್ ಹಾಕಿ ನೋಡಿದೆ, ವೈರ್ ಚೆಕ್ ಮಾಡಿದೆ ಅಂದರೆ ಒಪ್ಪಿಕೊಳ್ಳಿ. "ಸ್ಕ್ಯಾನರ್ ಹೇಳಿತು" ಅಂದರೆ ಒಪ್ಪಬೇಡಿ. ಬದಲಿಸಿದ ಹಳೆ ಪಾರ್ಟ್ ಕೇಳಿ ತೆಗೆದುಕೊಳ್ಳಿ.

ಸುಮ್ನೆ ಎಲ್ಲ ಗ್ಯಾರೇಜಿನವರನ್ನೂ ಅನುಮಾನಿಸಿ ಅಂತ ನಾನು ಹೇಳುತ್ತಿಲ್ಲ. ವೈರ್ ಹುಡುಕಲು ಎರಡು ಗಂಟೆ ಬೇಕು, ಆ ಎರಡು ಗಂಟೆಗೆ ದುಡ್ಡು ಕೊಡಲು ನಾವು ತಯಾರಿರುವುದಿಲ್ಲ, ಪಾರ್ಟಿಗಾದರೆ ಕೊಡುತ್ತೇವೆ. ಹುಡುಕುವ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಕೊನೆಗೆ ಅದೇ ಅಗ್ಗ.

## 10. ಸರಿಯಾದ ಮೇಲೆ ಅಳಿಸಿ, ಮತ್ತೆ ನೋಡಿ

ಈಗ ಅಳಿಸುವ ಸಮಯ. ಕೀ ಆನ್, ಎಂಜಿನ್ ಆಫ್. ಆ್ಯಪ್‌ನಲ್ಲಿ ಕ್ಲಿಯರ್ ಒತ್ತಿ, ಕೀ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಓಡುತ್ತಿರುವಾಗ ಅಳಿಸಬೇಡಿ. ಅಳಿಸದೇ ಬಿಟ್ಟರೂ ತೊಂದರೆ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಮೂರು ಸರಿಯಾದ ಓಡಾಟದ ನಂತರ ಲೈಟ್ ತಾನೇ ಆರುತ್ತದೆ.

ಲೈಟ್ ಆರಿತು ಅಂದ ಮಾತ್ರಕ್ಕೆ ರಿಪೇರಿ ಸರಿಯಾಯಿತು ಅಂತ ಅಲ್ಲ. ಅಳಿಸಿದ ಕೂಡಲೇ ಕಾರು ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರು ಮಾಡುತ್ತದೆ. ಆ್ಯಪ್‌ನಲ್ಲಿ ರೆಡಿನೆಸ್ ಅಂತ ಒಂದು ಪುಟ ಇರುತ್ತದೆ. ಅಲ್ಲಿ ಎಲ್ಲದರ ಮುಂದೆ ಮುಗಿದಿದೆ ಅಂತ ಬರುವ ತನಕ ಎರಡು ಮೂರು ದಿನ ಓಡಿಸಬೇಕು. ತಣ್ಣಗಿನ ಸ್ಟಾರ್ಟ್, ಸ್ವಲ್ಪ ಊರೊಳಗೆ, ಸ್ವಲ್ಪ ಹೈವೇ, ಮೂರೂ ಇರಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗಲೂ ಈ ಪುಟ ನೋಡಿ. ಲೈಟ್ ಇಲ್ಲ, ಕೋಡ್ ಇಲ್ಲ, ಆದರೆ ರೆಡಿನೆಸ್ ಎಲ್ಲ ಬಾಕಿ ಇದೆ ಅಂದರೆ ಆ ದಿನ ಬೆಳಿಗ್ಗೆಯೋ ಹಿಂದಿನ ರಾತ್ರಿಯೋ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಮೂರನೇ ದಿನ ಮತ್ತೊಮ್ಮೆ ಓದಿ, ಪೆಂಡಿಂಗ್ ಕೋಡ್ ಖಾಲಿ ಇರಬೇಕು. ಅದೇ ನಂಬರ್ ಅಲ್ಲಿ ಕೂತಿದ್ದರೆ ಲೈಟ್ ನಾಳೆಯೋ ನಾಡಿದ್ದೋ ಬರುತ್ತದೆ, ಕಾಯದೆ 4ನೇ ಹಂತಕ್ಕೆ ವಾಪಸ್ ಹೋಗಿ. ಖಾಲಿ ಇದ್ದರೆ ನೋಟ್‌ಬುಕ್‌ನಲ್ಲಿ ತಾರೀಖು, ಕಿ.ಮೀ., ಕೋಡ್, ಏನು ಮಾಡಿದಿರಿ ಅಂತ ಒಂದು ಸಾಲು ಬರೆಯಿರಿ. ಆಮೇಲೆ ಡಾಂಗಲ್ ಕಿತ್ತು ಡ್ಯಾಶ್‌ಬೋರ್ಡಿನ ಡ್ರಾಯರ್‌ನಲ್ಲಿ ಇಡಿ. ಪೋರ್ಟಿನಲ್ಲೇ ಬಿಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಅದು ಬ್ಯಾಟರಿ ಇಳಿಸುತ್ತದೆ, ಬ್ಯಾಟರಿ ಇಳಿದರೆ ಹೊಸದಾಗಿ ನಾಲ್ಕು ಕೋಡ್ ಬರುತ್ತದೆ.